ಗೆರೆ ನಂಬಿ ಬದುಕಬಹುದೇ?

ಓದುಗರ ಪತ್ರ: ಎಂಟು ವ್ಯಂಗ್ಯಚಿತ್ರ ಕಳಿಸಿದ್ದೆ, ಎಂಟೂ ವಾಪಸು ಬಂದವು. ಹೆಸರು ಮಾಡಿದವರಿಗೆ ಮಾತ್ರ ಜಾಗವೇ? ಈ ಕೆಲಸವನ್ನೇ ನಂಬಿ ಬದುಕಬಹುದೇ?

ಸಂಪಾದಕರ ಉತ್ತರ: ನಿಮ್ಮ ಕೈ ಚೆನ್ನಾಗಿದೆ, ಮುಖಗಳಲ್ಲಿ ಜೀವವಿದೆ. ತೊಡಕಿರುವುದು ಅಡಿಬರಹದಲ್ಲಿ. ಚಿತ್ರ ಆಗಲೇ ತೋರಿಸಿದ್ದನ್ನು ಮಾತು ಮತ್ತೆ ಹೇಳುತ್ತಿದೆ. ಅಡಿಬರಹ ಮುಚ್ಚಿ ಚಿತ್ರ ನೋಡಿ, ಆಮೇಲೆ ಚಿತ್ರ ಮುಚ್ಚಿ ಅಡಿಬರಹ ಓದಿ. ಒಂದರಲ್ಲೇ ನಗು ಬಂದರೆ ಇನ್ನೊಂದು ದಂಡ. ನಗಿಸುವ ಪದ ಸಾಧ್ಯವಾದಷ್ಟು ಕೊನೆಗೆ ಬರಲಿ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಆ ಪದ ನಡುವೆ ಸಿಕ್ಕಿಕೊಂಡು ಗುಟ್ಟು ಮೊದಲೇ ಒಡೆದುಹೋಗುತ್ತದೆ. ಆಗ ಪದಗಳ ಕ್ರಮವನ್ನೇ ಬದಲಿಸಬೇಕು.

ಇನ್ನು ಗೆರೆಯ ವಿಚಾರ. ಅಚ್ಚಿನಲ್ಲಿ 8 ಸೆಂ.ಮೀ. ಅಗಲ ಬೇಕಿದ್ದರೆ 12 ಸೆಂ.ಮೀ. ಅಗಲಕ್ಕೆ ಬರೆಯಿರಿ. ಚಿಕ್ಕದಾದಾಗ ಕೈಯ ಸಣ್ಣ ಅಂಕುಡೊಂಕು ಮರೆಯಾಗುತ್ತದೆ. ಆದರೆ ಗೆರೆಯೂ ತೆಳುವಾಗುತ್ತದೆ: 0.3 ಮಿ.ಮೀ. ಗೆರೆ 0.2ಕ್ಕೆ ಇಳಿಯುತ್ತದೆ, ನೀವು ನೆರಳಿಗೆ ಬಳಸಿದಂಥ 0.1ರ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳು ಕೂಡಿಕೊಂಡು ಕಪ್ಪು ಕಲೆಯಾಗುತ್ತವೆ. 12 ಸೆಂ.ಮೀ. ಮೂಲವನ್ನು 800 ಡಿಪಿಐನಲ್ಲಿ (ಇಂಚಿಗೆ 800 ಚುಕ್ಕಿ) ಸ್ಕ್ಯಾನ್ ಮಾಡಿದರೆ ಅಚ್ಚಿನ ಅಳತೆಯಲ್ಲಿ 1200 ಸಿಗುತ್ತದೆ. ಬರೀ ಕಪ್ಪು ಗೆರೆಗೆ ಅಷ್ಟು ಬೇಕು. ಜೆಪೆಗ್ ಕಡತ ಬೇಡ, ಗೆರೆಯ ಅಂಚಿನಲ್ಲಿ ಬೂದು ಧೂಳು ಕೂರುತ್ತದೆ. ಟಿಫ್ ಕಳಿಸಿ.

ಹೆಸರಿದ್ದವರಿಗೆ ಅನುಕೂಲವಿಲ್ಲವೆನ್ನಲಾರೆ. ಗಡುವಿಗೆ ಸರಿಯಾಗಿ ಕೊಡುತ್ತಾರೆಂಬ ನಂಬಿಕೆಯೇ ಅವರ ದೊಡ್ಡ ಬಂಡವಾಳ. ಅವರ ರಫ್‌ಗಳೂ, ಅಂದರೆ ಪೆನ್ಸಿಲ್ ಕರಡುಗಳೂ, ವಾಪಸು ಹೋಗುತ್ತವೆ. ಹತ್ತರಲ್ಲಿ ಒಂದು ಆಯ್ಕೆಯಾದರೆ ಒಳ್ಳೆಯ ವಾರವೇ. ಅದಕ್ಕೇ ಆಯ್ಕೆಗೆ ಮುಂಚೆ ಕರಡಿನ ಮೇಲೆ ಇಂಕ್ ಗೆರೆ ಎಳೆಯಬೇಡಿ. ಇವತ್ತಿನ ಸುದ್ದಿಯ ಮೇಲಿನ ಜೋಕನ್ನು ಮಾಸಿಕಕ್ಕೂ ಕಳಿಸಬೇಡಿ, ಸಂಚಿಕೆ ಓದುಗರ ಕೈಸೇರುವಷ್ಟರಲ್ಲಿ ಅದು ಹಳಸಿರುತ್ತದೆ.

ಬದುಕಿನ ಪ್ರಶ್ನೆ ಇದಕ್ಕಿಂತ ಕಠಿಣ. ಪತ್ರಿಕೆಗಳಿಗೂ ಆಯುಸ್ಸುಂಟು. 1942ರಲ್ಲಿ ಹಾಸ್ಯಸಾಹಿತಿ ರಾಶಿಯವರು ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ 1967ರಲ್ಲಿ ನಿಂತಿತು. 1948ರ ವ್ಯಂಗ್ಯಚಿತ್ರ ವಾರಪತ್ರಿಕೆ ‘ಶಂಕರ್ಸ್ ವೀಕ್ಲಿ’ 1975ರಲ್ಲಿ. ಎರಡೂ ದೊಡ್ಡ ಕಲಾವಿದರಿಗೆ ಆರಂಭದ ವೇದಿಕೆಯಾದವು, ನೆಲೆ ಸಿಕ್ಕಿದ್ದು ಬೇರೆಡೆ. ‘ಕೊರವಂಜಿ’ಗೆ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ನೆಲೆಯೂರಿದರು. ‘ಶಂಕರ್ಸ್ ವೀಕ್ಲಿ’ಯಲ್ಲಿದ್ದ ಅಬು ಅಬ್ರಹಾಂ 1956ರಲ್ಲಿ ಲಂಡನ್ನಿನ ‘ದಿ ಅಬ್ಸರ್ವರ್’ ಸೇರಿದರು. ಆದ್ದರಿಂದ ಒಂದೇ ಪತ್ರಿಕೆಗೆ ಜೋತುಬೀಳಬೇಡಿ. ಪಠ್ಯಪುಸ್ತಕದ ಚಿತ್ರ, ಕಥೆಗೆ ಚಿತ್ರ, ಜಾಹೀರಾತು, ಇವುಗಳಲ್ಲಿ ಒಂದಾದರೂ ಜತೆಗಿರಲಿ. ಸಂಭಾವನೆ ಮಾತಾಡುವಾಗ ಒಮ್ಮೆ ಪ್ರಕಟಿಸುವ ಹಕ್ಕನ್ನಷ್ಟೇ ಕೊಡುತ್ತೇನೆಂದು ಬರಹದಲ್ಲಿ ಹೇಳಿ, ಮೂಲಚಿತ್ರ ನಿಮ್ಮಲ್ಲೇ ಉಳಿಯಲಿ. ಸಂಗ್ರಹವೊಂದು ಪುಸ್ತಕವಾಗಿ ಬರುವಾಗ ಎರಡೂ ಬೇಕಾಗುತ್ತವೆ.

ನಿಮ್ಮ ಐದನೆಯ ಚಿತ್ರ, ಸರತಿ ಸಾಲಿನದು, ನನಗೆ ಹಿಡಿಸಿತು. ಹಿನ್ನೆಲೆಯ ಕಟ್ಟಡ ತೆಗೆದುಹಾಕಿ, ಅಡಿಬರಹದ ಮೊದಲ ವಾಕ್ಯ ಬಿಟ್ಟು, ಪೆನ್ಸಿಲ್ ರಫ್ ಒಂದನ್ನು ಕಳಿಸಿಕೊಡಿ.