ರಸ್ತೆ ಮೇಲಿನ ಒಕ್ಕಣೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಕುಣಿಗಲ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ರಸ್ತೆಗೆ ಹರಡಿದ್ದ ಹುರುಳಿ ಮೇಲೆ ನನ್ನ ತಮ್ಮನ ಬೈಕ್ ಜಾರಿತು. ಭುಜದ ಮೂಳೆ ಮುರಿದಿದೆ. ಹೀಗೆ ಒಕ್ಕಣೆ ಮಾಡುವವರ ಮೇಲೆಲ್ಲ ಕೇಸು ಹಾಕಬಾರದೇಕೆ? ರೈತರ ಪರ ಅಂತ ನೀವು ಸುಮ್ನೆ ಇರ್ತೀರಾ?'

ಸುಮ್ಮನಿರುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ತಮ್ಮ ಬೇಗ ಗುಣವಾಗಲಿ.

ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಅಂತ ಬೆಳೆಯನ್ನು ರಸ್ತೆಗೆ ಹರಡುತ್ತಾರೆ. ಹುರುಳಿ ಕಾಳು ಸಣ್ಣದು, ಗಟ್ಟಿ, ನುಣುಪು. ಅದರ ಮೇಲೆ ಟೈರಿಗೆ ಡಾಂಬರಿನ ಹಿಡಿತವೇ ಸಿಗುವುದಿಲ್ಲ. ರಾಗಿ ಹುಲ್ಲು ಹಾಸಿದ್ದರೆ ಕೆಳಗಿನ ಗುಂಡಿ, ಹಂಪ್ ಕಾಣುವುದಿಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಕಾರಿನಡಿ ಸಿಕ್ಕಿದ ಬಳ್ಳಿ ಬಿಸಿಗೆ ಹೊತ್ತಿಕೊಂಡು ಕಾರೇ ಉರಿದದ್ದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿ. ರಾಶಿಗೆ ಟಾರ್ಪಾಲ್ ಹೊದಿಸಿ, ಗಾಡಿ ಹತ್ತದಿರಲಿ ಅಂತ ಸುತ್ತ ದಪ್ಪ ಕಲ್ಲಿಟ್ಟು ಮನೆಗೆ ಹೋಗುತ್ತಾರೆ. ಅಲ್ಲಿ ದೀಪ ಇರುವುದಿಲ್ಲ. ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆದಾಗ ಬೈಕಿನವರಿಗೆ ಆ ಕಲ್ಲು ಕಾಣುವುದಾದರೂ ಹೇಗೆ? ರೈತರ ಕಷ್ಟ ಎಷ್ಟೇ ಇರಲಿ, ಆ ಕಲ್ಲುಗಳನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು.

ಕಾನೂನು ಇದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ, ದಾರಿಯಲ್ಲಿ ಅಡ್ಡಿ, ಅಪಾಯ ಮಾಡಿದರೆ 5,000 ರೂಪಾಯಿವರೆಗೆ ದಂಡ. ಹಳೆಯ ಕಾನೂನಿನಲ್ಲಿ ಬರೀ 200 ಇತ್ತು. ಕಲ್ಲಿಟ್ಟವರಿಗೆ ದಂಡ ಬೀಳಲಿ.

ಆದರೆ ಕೇಸಿನಿಂದಲೇ ರಸ್ತೆ ಖಾಲಿಯಾಗುತ್ತದೆ ಅಂತ ನನಗನ್ನಿಸುವುದಿಲ್ಲ. ಹಿಂದೆ ಕಣಕ್ಕೆ ಸಗಣಿ ಸಾರಿಸಿ, ಎತ್ತು ಕಟ್ಟಿ ಕಾಳು ಬಿಡಿಸುವ ರೋಣಗಲ್ಲು ಉರುಳಿಸುತ್ತಿದ್ದರು. ಈಗ ಎತ್ತು ಸಾಕುವವರು ಕಡಿಮೆ. ಎಷ್ಟೋ ಊರಲ್ಲಿ ಕಣದ ಜಾಗ ಸೈಟಾಗಿದೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಯಂತ್ರ ಬಾಡಿಗೆಗೆ ಸಿಗುತ್ತದೆ, ನಿಜ. ಅರ್ಧ ಎಕರೆ ಹುರುಳಿಯವರಿಗೆ ಆ ಬಾಡಿಗೆಯೂ ಜಾಸ್ತಿಯೇ. ಮೋಡ ಕವಿದರೆ ಕಾಯುವಂತೆಯೂ ಇಲ್ಲ. ಹಾಗಂತ ರಸ್ತೆಯಲ್ಲಿ ಹಸನಾದ ಕಾಳು ಸಿಗುತ್ತಾ? ಮಣ್ಣು, ಜಲ್ಲಿ, ಗಾಡಿ ಎಣ್ಣೆ ಎಲ್ಲ ಸೇರಿ ಬೆಳೆದವರ ಮನೆ ಅಡುಗೆಗೇ ಹೋಗುತ್ತದೆ, ಅಲ್ವಾ?

ನವೆಂಬರ್‌ನಿಂದ ಫೆಬ್ರುವರಿವರೆಗೆ ಹಳ್ಳಿ ರಸ್ತೆಗಿಳಿಯುವ ಬೈಕಿನವರು ಒಂದಿಷ್ಟು ಗಮನಿಸಿ. ಹುಲ್ಲು ಕಂಡ ತಕ್ಷಣ, ಅದನ್ನು ಹತ್ತುವ ಮೊದಲೇ ವೇಗ ಇಳಿಸಿ. ಹತ್ತಿದ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ, ಗಾಡಿ ವಾಲಿಸಬೇಡಿ. ಸಣ್ಣ ಗೇರಿನಲ್ಲಿ ನೇರವಾಗಿ ದಾಟಿ. ದಾಟಿದ ಮೇಲೆ ಎಂಜಿನ್ ಆಫ್ ಮಾಡಿ, ಚೈನಿಗೆ ಹುಲ್ಲು ಸುತ್ತಿದೆಯಾ ನೋಡಿ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ರಾತ್ರಿ ರಸ್ತೆಯಲ್ಲಿ ಕಲ್ಲು ಕಂಡರೆ 112ಕ್ಕೆ ಫೋನ್ ಮಾಡಿ.

ನಿಮ್ಮಲ್ಲಿ ಇನ್ನೊಂದು ಕೋರಿಕೆ. ಪೊಲೀಸ್ ದೂರಿನ ಜೊತೆಗೆ ಪಂಚಾಯಿತಿಗೂ ಒಂದು ಅರ್ಜಿ ಕೊಡಿ: ಊರಿಗೊಂದು ಸಿಮೆಂಟಿನ ಒಕ್ಕಣೆ ಕಣ ಬೇಕು ಅಂತ. ಗ್ರಾಮಸಭೆಯಲ್ಲಿ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಆ ಹುರುಳಿ ಹರಡಿದವರನ್ನೂ ಕರೆದುಕೊಂಡು ಹೋಗಿ. ಕಣ ಬೇಕಾಗಿರುವುದು ಅವರಿಗೂ ತಾನೇ. ಪಂಚಾಯಿತಿಯವರು ಏನಂದರು ಅಂತ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ