ಓದುಗರ ಪ್ರಶ್ನೆ: ಕಿವಿಗೆ ಸಿಗದ ಕಾಗುಣಿತ

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಮನೆಯಲ್ಲೇ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ, ಕಥೆ ಬರೆಯುತ್ತೇನೆ. ಫೋನಿಗೆ ಹೇಳಿ ಬರೆಸಿ, ಅದರಿಂದಲೇ ಓದಿಸಿ ಕೇಳಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೂ ಕಾಗುಣಿತ ತಪ್ಪಿದೆ ಎಂದು ಕಥೆಗಳು ವಾಪಸ್ ಬರುತ್ತಿವೆ. ಅಚ್ಚಿಗೆ ಮುಂಚೆ ಕಳಿಸುವ ಪಿಡಿಎಫ್ ಅಂತೂ ಕಂಪ್ಯೂಟರಿನಲ್ಲಿ ಬರೀ ಗೊಜಲು.
- ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಕನ್ನಡಕ್ಕೇನೂ ಆಗಿಲ್ಲ, ತಿದ್ದುವ ಕ್ರಮ ಬದಲಾಗಬೇಕು. ಯಂತ್ರದ ದನಿಯಲ್ಲಿ ಶ, ಷ ಹೆಚ್ಚುಕಡಿಮೆ ಒಂದೇ. ‘ವಿಶೇಷ’ ಹೋಗಿ ‘ವಿಷೇಶ’ ಆಗಿದ್ದರೂ ಕಿವಿಗೆ ತಿಳಿಯದು. ದ–ಧ, ನ–ಣ ಕೂಡ ವೇಗದಲ್ಲಿ ಹಾಗೆಯೇ ಜಾರಿಹೋಗುತ್ತವೆ.

ಮೊದಲ ಕರಡು ಬೇಕಾದರೆ ಹೇಳಿಯೇ ಬರೆಸಿ, ತಿದ್ದುವುದು ಮಾತ್ರ ಕಂಪ್ಯೂಟರಿನಲ್ಲಿ ಆಗಲಿ. ಎನ್‌ವಿಡಿಎ ಎಂಬ, ತೆರೆಯ ಮೇಲಿರುವುದನ್ನು ಓದಿಹೇಳುವ ತಂತ್ರಾಂಶ ಉಚಿತ, ಅದರಲ್ಲಿ ಕನ್ನಡದ ದನಿಯನ್ನೇ ಆರಿಸಿ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಇಟ್ಟುಕೊಂಡು ನಮ್ ಲಾಕ್ ಆಫ್ ಮಾಡಿ. 4 ಮತ್ತು 6 ಒತ್ತಿದರೆ ಹಿಂದಿನ, ಮುಂದಿನ ಪದ. ಅನುಮಾನ ಬಂದ ಪದದ ಮೇಲೆ 5ನ್ನು ಎರಡು ಸಲ ಬೇಗ ಒತ್ತಿ, ಅಕ್ಷರ ಬಿಡಿಸಿ ಹೇಳುತ್ತದೆ. ಆಗಲೂ ಸಂಶಯ ಉಳಿದರೆ 1, 3ರಿಂದ ಆ ಅಕ್ಷರಕ್ಕೆ ಹೋಗಿ 2ನ್ನು ಮೂರು ಸಲ ಒತ್ತಿ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಯೂನಿಕೋಡ್ ಸಂಖ್ಯೆ ಕೇಳಿಸುತ್ತದೆ. ಶ 3254, ಷ 3255. ನ 3240, ಣ 3235. ಈ ನಾಲ್ಕು ಬಾಯಿಪಾಠವಾದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬ್ರೈಲ್ ಬಲ್ಲವರಿಗೆ ಇಷ್ಟು ತಾಪತ್ರಯವಿಲ್ಲ: ಶ ಎಂದರೆ 1-4-6ನೇ ಚುಕ್ಕಿಗಳು, ಷ ಎಂದರೆ 1-2-3-4-6, ಬೆರಳಿಗೆ ಎರಡೂ ಬೇರೆಬೇರೆಯೇ.

ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ಕಲಿಯಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ಗುರುತಿನ ಉಬ್ಬು ಇರುವ ಎಫ್ ಕೀಲಿಯಲ್ಲಿ ಇ-ಕಾರದ ಗುಡಿಸು, ಜೆ ಕೀಲಿಯಲ್ಲಿ ರ. ಎಫ್‌ನ ಪಕ್ಕದ ಡಿ ಒತ್ತಿದರೆ ಅರ್ಧಾಕ್ಷರ, ಅಲ್ಲಿಂದ ಒತ್ತು ಹುಟ್ಟುತ್ತದೆ. ಶಿಫ್ಟ್ ಜೊತೆ ಎಂ ಒತ್ತಿದರೆ ಶ, ಶಿಫ್ಟ್ ಜೊತೆಗೇ ಅಲ್ಪವಿರಾಮದ ಕೀಲಿ ಒತ್ತಿದರೆ ಷ. ಬೆರಳೇ ಆರಿಸಿ ಒತ್ತಿದ ಅಕ್ಷರ ಬೇರೆಯಾಗದು.

ಪಿಡಿಎಫ್‌ನ ಕಾರಣ ಬೇರೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಕಣ್ಣಿಗೆ ಮಾತ್ರ ಕನ್ನಡ. ನಿಮ್ಮ ಯಂತ್ರ ಒಳಗಿರುವುದನ್ನು ಓದುತ್ತದೆ. ಯೂನಿಕೋಡ್ ವರ್ಡ್ ಫೈಲ್ ಕಳಿಸಿ ಎಂದು ಸಂಪಾದಕರನ್ನು ಕೇಳಿ. ಆಗದಿದ್ದರೆ ಪಿಡಿಎಫ್ ಅನ್ನು ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಎಷ್ಟೋ ಸಲ ಪಠ್ಯ ಬರುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ನುಸುಳಿರುತ್ತದೆ, ಅಲ್ಲಿ ಎಚ್ಚರ.

ಪ್ರಶ್ನೆ: ಅಪ್ಪ ಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕರು. ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಕೆಲಸ ಬಿಡಬೇಕೆ?
- ಓದುಗರು, ಘಾಟ್ಕೋಪರ್

ಉತ್ತರ: ರಾಜೀನಾಮೆ ಬರೆಯಬೇಡಿ, ಸ್ವಯಂ ನಿವೃತ್ತಿ ಅರ್ಜಿಗೂ ಸಹಿ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಮಿನಂತೆ, ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಪಾಲಿಕೆಯೂ ಇದರಡಿ ಬರುತ್ತದೆ. ಈಗಿನ ಕೆಲಸ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಮೊದಲು ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ, ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಮುದ್ರೆ ಹಾಕಿದ ಪ್ರತಿ ಪಡೆಯಿರಿ. ತರಬೇತಿಗೆ ವರ್ಲಿಯಲ್ಲಿರುವ ಅಂಧರ ರಾಷ್ಟ್ರೀಯ ಸಂಸ್ಥೆ ನ್ಯಾಬ್‌ನಲ್ಲಿ ವಿಚಾರಿಸಿ.

ತರಗತಿಯಲ್ಲಿ ಹಲಗೆಯ ಮೇಲೆ ಒಬ್ಬ ವಿದ್ಯಾರ್ಥಿ ಬರೆಯಲಿ, ಇನ್ನೊಬ್ಬ ‘ಷಕ್ಕೆ ಟ ಒತ್ತು’ ಎಂದು ಬಿಡಿಸಿ ಓದಲಿ. ‘ಗೊತ್ತಿದ್ದವರು ಕೈ ಎತ್ತಿ’ ಎನ್ನುವ ಬದಲು ಹೆಸರು ಹಿಡಿದು ಕೇಳಲಿ. ಮಕ್ಕಳ ಕೈಬರಹವನ್ನು ಫೋನ್ ನೆಚ್ಚುವಂತೆ ಓದದು, ಆದ್ದರಿಂದ ಉತ್ತರಪತ್ರಿಕೆ ತಿದ್ದಲು ಓದಿಹೇಳುವವರೊಬ್ಬರು ಬೇಕು. ಅದೇ ಅರ್ಜಿಯಲ್ಲಿ ಇದನ್ನೂ ಕೇಳಿ.