ಶಾಂತಿ ಮಾತುಕತೆಯ ಮೇಜಿನಲ್ಲಿ ನಾಯಕರು ಯಾರಿಗಾಗಿ ಮಾತನಾಡುತ್ತಾರೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: 2000ದಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ನಾಯಕರ ನಡುವೆ ನಡೆಸಿದ ಕ್ಯಾಂಪ್ ಡೇವಿಡ್ ಶಾಂತಿ ಮಾತುಕತೆಯ ಬಗ್ಗೆ ಓದುವಾಗಲೆಲ್ಲ ಎರಡು ಕಥನಗಳು ಎದುರಾಗುತ್ತವೆ. ಇಸ್ರೇಲ್ ಉದಾರವಾದ ಕೊಡುಗೆ ಮುಂದಿಟ್ಟಿತು, ಪ್ಯಾಲೆಸ್ಟೀನ್ ನಾಯಕ ಯಾಸಿರ್ ಅರಾಫತ್ ಅದನ್ನು ತಳ್ಳಿಹಾಕಿದರು ಎಂಬುದು ಒಂದು. ಅಂಥ ಕೊಡುಗೆಯೇ ಇರಲಿಲ್ಲ ಎಂಬುದು ಇನ್ನೊಂದು. ಯಾವುದನ್ನು ನಂಬಬೇಕು?

ಉತ್ತರ: ಎರಡರಲ್ಲೂ ನಿಜದ ಅಂಶವಿದೆ. ಆದರೆ ನಡೆದುದನ್ನು ದಾಖಲಿಸುವ ಉದ್ದೇಶದಿಂದ ಇವೆರಡೂ ಹುಟ್ಟಲಿಲ್ಲ. ಸೋಲಿನ ಹೊಣೆಯನ್ನು ಎದುರು ಪಕ್ಷದ ತಲೆಗೆ ಕಟ್ಟುವುದಕ್ಕಾಗಿ ಹುಟ್ಟಿದವು. ಅಂದು ಮೇಜಿನ ಸುತ್ತ ಕುಳಿತವರ ಬೆನ್ನ ಹಿಂದೆ ಯಾರಿದ್ದರು ಎಂಬುದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

ಇಸ್ರೇಲಿನ ಪ್ರಧಾನಿ ಎಹುದ್ ಬರಾಕ್ ಶೃಂಗಸಭೆಗೆ ಹೊರಡುವ ಹೊತ್ತಿಗೆ ಅವರ ಮೈತ್ರಿಕೂಟದ ಮೂರು ಪಕ್ಷಗಳು ಸರ್ಕಾರದಿಂದ ಹೊರನಡೆದಿದ್ದವು. ಜುಲೈ 10ರಂದು ಇಸ್ರೇಲಿನ ಸಂಸತ್ತಾದ ನೆಸೆಟ್‌ನಲ್ಲಿ ಮಂಡನೆಯಾದ ಅವಿಶ್ವಾಸ ನಿರ್ಣಯಕ್ಕೆ 54 ಮತಗಳು ಪರವಾಗಿಯೂ 52 ಮತಗಳು ವಿರುದ್ಧವಾಗಿಯೂ ಬಿದ್ದವು. ಸರ್ಕಾರವನ್ನು ಉರುಳಿಸಲು 61 ಮತಗಳು ಬೇಕಿದ್ದುದರಿಂದ ಮಾತ್ರ ಬರಾಕ್ ಉಳಿದುಕೊಂಡರು. ಇಂಥ ಪ್ರಧಾನಿಗೆ ತಾನು ಕೊಡುವುದು ಪ್ಯಾಲೆಸ್ಟೀನಿಯರಿಗೆ ದೊಡ್ಡದಾಗಿ ಕಾಣಬೇಕಿತ್ತು, ಮಾತುಕತೆ ಮುರಿದುಬಿದ್ದರೆ ಏನನ್ನೂ ಕೊಟ್ಟಿಲ್ಲವೆಂದು ಮತದಾರರ ಮುಂದೆ ಹೇಳಿಕೊಳ್ಳಲೂ ಸಾಧ್ಯವಾಗಬೇಕಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಲೆಕ್ಕಾಚಾರದಿಂದಾಗಿಯೇ ಪ್ರಸ್ತಾವಗಳು ಬಹುಪಾಲು ಬಾಯಿಮಾತಿನಲ್ಲಿ, ಅಮೆರಿಕನ್ನರ ಮೂಲಕ ದಾಟಿಹೋದವು. ಮುಂದೆ ಒಬ್ಬರು “ಬಹುತೇಕ ಎಲ್ಲವನ್ನೂ ಕೊಟ್ಟೆವು” ಎಂದೂ ಇನ್ನೊಬ್ಬರು “ಕಾಗದದ ಮೇಲೆ ಏನಿತ್ತು, ತೋರಿಸಿ” ಎಂದೂ ಹೇಳಲು ದಾರಿಯಾದದ್ದು ಹೀಗೆ.

ಶೇಕಡಾವಾರು ಲೆಕ್ಕದ ಜಗಳವೂ ಇದಕ್ಕೆ ಹೊರತಲ್ಲ. ಇಸ್ರೇಲ್ ಬಿಟ್ಟುಕೊಡಲಿದ್ದದ್ದು ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಸುಮಾರು ಶೇ 91ರಷ್ಟು ಭಾಗ ಎಂಬ ಅಂಕಿ ಹೆಚ್ಚು ಪ್ರಚಾರದಲ್ಲಿದೆಯಾದರೂ, ಪೂರ್ವ ಜೆರುಸಲೇಮನ್ನು ಲೆಕ್ಕಕ್ಕೆ ಸೇರಿಸುವಿರೋ ಬಿಡುವಿರೋ ಎಂಬುದರ ಮೇಲೆ ಆ ಅಂಕಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಬ್ಬರೂ ಎಣಿಕೆ ಆರಂಭಿಸಿದ ಜಾಗವೇ ಬೇರೆ. ತನ್ನ ಹಿಡಿತದಲ್ಲಿರುವ ನೆಲದಲ್ಲಿ ಎಷ್ಟನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಇಸ್ರೇಲ್ ಎಣಿಸಿತು. ಬ್ರಿಟಿಷ್ ಆಡಳಿತಕಾಲದ ಪ್ಯಾಲೆಸ್ಟೀನಿನ ಶೇ 78ರಷ್ಟನ್ನು ಮೊದಲೇ ಬಿಟ್ಟುಕೊಟ್ಟಾಗಿದೆ, ಉಳಿದ ಶೇ 22ರಲ್ಲಿ ಇನ್ನು ಚೌಕಾಸಿಯೆಂಥದು ಎಂಬುದು ಪ್ಯಾಲೆಸ್ಟೀನಿಯರ ವಾದವಾಗಿತ್ತು. “ಉದಾರ” ಎಂಬ ವಿಶೇಷಣ ಮೊದಲ ಎಣಿಕೆಯನ್ನು ಒಪ್ಪಿಕೊಂಡವರಿಗೆ ಮಾತ್ರ ಅರ್ಥವಾಗುತ್ತದೆ.

ಹಾಗೆಂದು ಅರಾಫತ್ ಅವರನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ. ಪೂರ್ಣವಾದ ಪ್ರತಿ-ಪ್ರಸ್ತಾವವನ್ನು ಅವರು ಮುಂದಿಡಲಿಲ್ಲ. ಯಹೂದಿಗಳು ದೇವಾಲಯ ದಿಬ್ಬವೆಂದೂ ಮುಸ್ಲಿಮರು ಹರಮ್ ಅಲ್-ಶರೀಫ್ ಎಂದೂ ಕರೆಯುವ ಜೆರುಸಲೇಮಿನ ಪವಿತ್ರ ದಿಬ್ಬದ ಮೇಲೆ ಯಹೂದಿ ದೇವಾಲಯ ಇದ್ದದ್ದೇ ಇಲ್ಲ ಎಂದು ವಾದಿಸಿದರೆಂದು ಅಮೆರಿಕದ ಸಂಧಾನಕಾರರು ಬರೆದಿದ್ದಾರೆ. ಹರಮ್ ಅಲ್-ಶರೀಫ್‌ನ ವಿಷಯದಲ್ಲಿ ಸಡಿಲಿಸಿದರೆ ಇಡೀ ಮುಸ್ಲಿಂ ಜಗತ್ತಿಗೆ ಉತ್ತರ ಹೇಳಬೇಕಾದೀತು ಎಂಬ ಭಯ ಅವರದಾಗಿತ್ತು. ಆ ಭಯ ಅರ್ಥವಾಗುವಂಥದು. ಆದರೆ ಎದುರು ಕುಳಿತವರ ಇತಿಹಾಸವನ್ನೇ ಅಲ್ಲಗಳೆಯುವುದು ಸಂಧಾನವಂತೂ ಅಲ್ಲ.

ಜುಲೈ 25ರಂದು ಸಭೆ ಮುಗಿಯಿತು. ವಿಫಲವಾದರೆ ಯಾರನ್ನೂ ದೂರುವುದಿಲ್ಲ ಎಂದು ಅರಾಫತ್‌ಗೆ ಮೊದಲೇ ಭರವಸೆಯಿತ್ತಿದ್ದ ಕ್ಲಿಂಟನ್, ಪತ್ರಕರ್ತರ ಮುಂದೆ ಬರಾಕ್ ಅವರ ಧೈರ್ಯವನ್ನು ಪ್ರತ್ಯೇಕವಾಗಿ ಹೊಗಳಿದರು. ಇಸ್ರೇಲಿಗೆ ಎದುರು ಕಡೆ ಶಾಂತಿಯ ಪಾಲುದಾರರೇ ಇಲ್ಲ ಎಂಬ ಮಾತನ್ನು ಬರಾಕ್ ಪಸರಿಸತೊಡಗಿದರು. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 1993ರ ಓಸ್ಲೊ ಒಪ್ಪಂದದ ನಂತರದ ವರ್ಷಗಳಲ್ಲಿ ಇಷ್ಟು ದೂರಗಾಮಿ ಪರಿಣಾಮ ಬೀರಿದ ರಾಜಕೀಯ ಮಾತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸೆಪ್ಟೆಂಬರ್ 28ರಂದು ಇಸ್ರೇಲಿನ ವಿರೋಧಪಕ್ಷದ ನಾಯಕ ಏರಿಯಲ್ ಶರೋನ್ ಆ ದಿಬ್ಬಕ್ಕೆ ಭೇಟಿಯಿತ್ತ ಬಳಿಕ ಭುಗಿಲೆದ್ದ ಎರಡನೆಯ ಇಂತಿಫಾದಾ ಎಂಬ ಪ್ಯಾಲೆಸ್ಟೀನಿಯರ ದಂಗೆ, ಇಸ್ರೇಲಿನ ಸಾಮಾನ್ಯ ಜನರ ಕಣ್ಣಿನಲ್ಲಿ ಆ ಮಾತಿಗೆ ಸಾಕ್ಷ್ಯವಾಗಿಬಿಟ್ಟಿತು.

ವಿಚಿತ್ರವೆಂದರೆ, ಇಲ್ಲವೆಂದು ಸಾರಲಾದ ಆ ಪಾಲುದಾರನೊಡನೆಯೇ ಬರಾಕ್ ಸರ್ಕಾರದ ಮಾತುಕತೆ ಮುಂದುವರಿದಿತ್ತು. ಪಶ್ಚಿಮ ದಂಡೆಯ ಶೇ 94ರಿಂದ 96ರಷ್ಟನ್ನು ಪ್ಯಾಲೆಸ್ಟೀನಿಗೆ ಬಿಡುವ ಸೂತ್ರವನ್ನು ಕ್ಲಿಂಟನ್ ಡಿಸೆಂಬರ್ 23ರಂದು ಮುಂದಿಟ್ಟರು. ಎರಡೂ ಕಡೆಯವರು ತಮ್ಮ ತಮ್ಮ ಆಕ್ಷೇಪಗಳೊಡನೆ ಒಪ್ಪಿದ್ದಾರೆಂದು ಅಮೆರಿಕ ಹೇಳಿತು, ಯಾರ ಆಕ್ಷೇಪ ಹೆಚ್ಚು ಮಾರಕವಾಗಿತ್ತು ಎಂಬ ವಾದ ಇಂದಿಗೂ ಮುಗಿದಿಲ್ಲ. 2001ರ ಜನವರಿಯಲ್ಲಿ ಈಜಿಪ್ಟಿನ ತಾಬಾದಲ್ಲಿ ಸೇರಿದ ನಿಯೋಗಗಳು, ಒಪ್ಪಂದಕ್ಕೆ ಇಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ ಎಂದು ಜಂಟಿ ಹೇಳಿಕೆಯಿತ್ತವು. ಫೆಬ್ರುವರಿ 6ರ ಚುನಾವಣೆಯಲ್ಲಿ ಶರೋನ್ ಗೆದ್ದರು, ಅಲ್ಲಿಗೆ ಅದೂ ನಿಂತಿತು. ಬರಾಕ್ ಅವರ ವಿದೇಶಾಂಗ ಸಚಿವರಾಗಿದ್ದ ಶ್ಲೊಮೊ ಬೆನ್-ಅಮಿ, ತಾನು ಪ್ಯಾಲೆಸ್ಟೀನಿಯನಾಗಿದ್ದರೆ ಕ್ಯಾಂಪ್ ಡೇವಿಡ್ ಪ್ರಸ್ತಾವವನ್ನು ತಿರಸ್ಕರಿಸುತ್ತಿದ್ದೆ ಎಂದು 2006ರಲ್ಲಿ ಹೇಳಿದರು. ಕ್ಲಿಂಟನ್ ಸೂತ್ರವನ್ನು ಕೈಬಿಟ್ಟಿದ್ದಕ್ಕೆ ಅದೇ ಬೆನ್-ಅಮಿ ಅರಾಫತ್ ಅವರನ್ನು ಕಟುವಾಗಿ ಟೀಕಿಸಿದ್ದಾರೆ. ಮೊದಲ ಮಾತನ್ನು ಉದ್ಧರಿಸುವವರು ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಪಾಲುದಾರರಿಲ್ಲ ಎಂಬ ವಾದ ಮುಂದೆ ಯಾವ ಕೆಲಸಕ್ಕೆ ಬಂತೆಂಬುದನ್ನು ಶರೋನ್ ಅವರ ಆಪ್ತ ಸಲಹೆಗಾರ ಡೊವ್ ವೈಸ್‌ಗ್ಲಾಸ್ 2004ರ ಸಂದರ್ಶನವೊಂದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಗಾಜಾದಿಂದ ಹಿಂದೆ ಸರಿಯುವ ಯೋಜನೆಯು ಪ್ಯಾಲೆಸ್ಟೀನಿಯರೊಂದಿಗಿನ ರಾಜಕೀಯ ಪ್ರಕ್ರಿಯೆಯನ್ನು ಅಲುಗಾಡದಂತೆ ಇರಿಸುವ ಫಾರ್ಮಾಲ್ಡಿಹೈಡ್. ಶವವನ್ನು ಕೆಡದಂತೆ ಕಾಪಿಡುವ ದ್ರಾವಣದ ಹೆಸರನ್ನು ಅವರು ಆರಿಸಿಕೊಂಡದ್ದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಪ್ರಶ್ನೆ: ಹೊರಜಗತ್ತಿನ ಮುಂದೆ ಶಾಂತಿಯ ಮಾತು, ತಮ್ಮವರ ಮುಂದೆ ಬೇರೆಯದೇ ಮಾತು ಎಂಬ ಆರೋಪವನ್ನು ಅರಬ್ ನಾಯಕರ ಮೇಲೆ ಹೊರಿಸುವುದನ್ನು ಕೇಳಿದ್ದೇನೆ. ಅದು ನಿಜವೇ?

ಉತ್ತರ: ನಿಜ, ಆದರೆ ಅದು ಅರಬರಿಗೆ ಮಾತ್ರ ಅಂಟಿದ ಗುಣವಲ್ಲ. ಓಸ್ಲೊ ಒಪ್ಪಂದಕ್ಕೆ ಸಹಿ ಬಿದ್ದು ವರ್ಷವೂ ತುಂಬದ 1994ರ ಮೇನಲ್ಲಿ, ಜೋಹಾನ್ಸ್‌ಬರ್ಗಿನ ಮಸೀದಿಯೊಂದರಲ್ಲಿ ಮಾತನಾಡಿದ ಅರಾಫತ್, ಜೆರುಸಲೇಮಿಗಾಗಿ ಜಿಹಾದ್‌ಗೆ ಕರೆಕೊಟ್ಟರು. ಓಸ್ಲೊವನ್ನು ಪ್ರವಾದಿ ಮುಹಮ್ಮದರು ಮೆಕ್ಕಾದ ಖುರೈಷ್ ಬುಡಕಟ್ಟಿನೊಂದಿಗೆ ಮಾಡಿಕೊಂಡ, ಎರಡೇ ವರ್ಷಗಳಲ್ಲಿ ಮುರಿದುಬಿದ್ದ ಹುದೈಬಿಯಾ ಒಪ್ಪಂದಕ್ಕೆ ಹೋಲಿಸಿದರು. ಧ್ವನಿಮುದ್ರಣ ಹೊರಬಿದ್ದಾಗ, ಇದು ಮುರಿಯಲೆಂದೇ ಮಾಡಿಕೊಂಡ ಕದನವಿರಾಮ ಎಂದು ಇಸ್ರೇಲಿನ ವಿರೋಧಪಕ್ಷಗಳು ಓದಿದವು. ತಾನು ಹೇಳಿದ್ದು ಶಾಂತಿಯುತ ಹೋರಾಟವನ್ನು ಎಂದು ಅರಾಫತ್ ಸಮಜಾಯಿಷಿ ನೀಡಿದರು.

ಈಗ ಇನ್ನೊಂದು ಬದಿಯನ್ನು ನೋಡಿ. ಶಾಂತಿಗಾಗಿ ಪ್ರಾಣವನ್ನೇ ತೆತ್ತ ಇಸ್ರೇಲಿನ ಪ್ರಧಾನಿ ಯಿತ್ಝಾಕ್ ರಾಬಿನ್, ಕೊಲೆಯಾಗುವ ತಿಂಗಳ ಮುಂಚೆ, 1995ರ ಅಕ್ಟೋಬರ್ 5ರಂದು ಎರಡನೆಯ ಓಸ್ಲೊ ಒಪ್ಪಂದವನ್ನು ನೆಸೆಟ್ ಮುಂದಿಟ್ಟಾಗ, ಪ್ಯಾಲೆಸ್ಟೀನಿಯರಿಗೆ ದೊರೆಯುವುದು ರಾಷ್ಟ್ರಕ್ಕಿಂತ ಕಡಿಮೆಯಾದ ಘಟಕ, ಜೆರುಸಲೇಮ್ ಅಖಂಡವಾಗಿ ಇಸ್ರೇಲಿನದೇ, ಭದ್ರತಾ ಗಡಿ ಜೋರ್ಡಾನ್ ಕಣಿವೆಯಲ್ಲೇ ಎಂದು ಹೇಳಿದರು. ಅದು ಅವರ ಮನಸ್ಸಿನ ಕೊನೆಯ ನಿಲುವೋ, 61–59ರ ಅಂತರದಲ್ಲಿ ಹೇಗೋ ದಾಟಬೇಕಿದ್ದ ಮತದಾನದ ಒತ್ತಡವೋ ಎಂದು ಇಂದು ಹೇಳುವುದು ಕಷ್ಟ. ಅದೇ ರಾತ್ರಿ ಜೆರುಸಲೇಮಿನ ಝಯನ್ ಚೌಕದಲ್ಲಿ ನೆರೆದ ಪ್ರತಿಭಟನಕಾರರ ನಡುವೆ ನಾಜಿ ಸಮವಸ್ತ್ರ ತೊಡಿಸಿದ ರಾಬಿನ್ ಚಿತ್ರ ಕೈಯಿಂದ ಕೈಗೆ ಓಡಾಡುತ್ತಿತ್ತು.

ನಂತರದವರಲ್ಲೂ ಇದೇ ಕಾಣುತ್ತದೆ. ಇಸ್ರೇಲಿನ ಪ್ರಧಾನಿ ನೆತನ್ಯಾಹು 2009ರ ಜೂನ್‌ನಲ್ಲಿ ಬಾರ್-ಇಲಾನ್ ವಿಶ್ವವಿದ್ಯಾಲಯದಲ್ಲಿ ಸೇನೆಯಿಲ್ಲದ ಪ್ಯಾಲೆಸ್ಟೀನ್ ರಾಷ್ಟ್ರವನ್ನು ಒಪ್ಪುವ ಮಾತಾಡಿದರು. 2015ರ ಮಾರ್ಚ್‌ನಲ್ಲಿ, ಮತದಾನದ ಮುನ್ನಾದಿನ, ತನ್ನ ಆಡಳಿತದಲ್ಲಿ ಅಂಥ ರಾಷ್ಟ್ರ ಹುಟ್ಟದು ಎಂದರು. ಗೆದ್ದ ಕೆಲವೇ ದಿನಗಳಲ್ಲಿ ಅಮೆರಿಕದ ದೂರದರ್ಶನ ವಾಹಿನಿಯಲ್ಲಿ ಆ ಮಾತನ್ನು ಮೃದುಗೊಳಿಸಿದರು. ಪ್ಯಾಲೆಸ್ಟೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ 2012ರ ನವೆಂಬರ್‌ನಲ್ಲಿ ಇಸ್ರೇಲಿನ ವಾಹಿನಿಯೊಂದಕ್ಕೆ, ತಾನು ಹುಟ್ಟಿದ, ಈಗ ಇಸ್ರೇಲಿನಲ್ಲಿರುವ ಸಫೆದ್ ಊರನ್ನು ನೋಡುವ ಹಕ್ಕು ತನಗಿದೆ, ಅಲ್ಲಿ ವಾಸಿಸುವ ಹಕ್ಕಿಲ್ಲ ಎಂದು ಹೇಳಿದರು. ನಿರಾಶ್ರಿತರ ಮರಳುವಿಕೆಯ ಪ್ರಶ್ನೆಯಲ್ಲಿ ಪ್ಯಾಲೆಸ್ಟೀನ್ ನಾಯಕರೊಬ್ಬರು ಬಹಿರಂಗವಾಗಿ ಅಷ್ಟು ದೂರ ಹೋದದ್ದು ಅಪರೂಪ. ಗಾಜಾದಲ್ಲಿ ಪ್ರತಿಭಟನೆಗಳಾದವು, ಅದು ವೈಯಕ್ತಿಕ ಮಾತು, ಮರಳುವ ಹಕ್ಕನ್ನು ಯಾರೂ ಬಿಟ್ಟಿಲ್ಲ ಎಂದು ಅವರು ಅರಬ್ ಮಾಧ್ಯಮಗಳಿಗೆ ತಿಳಿಸಿದರು.

ಇದನ್ನೆಲ್ಲ ಬರಿಯ ಕಪಟ ಎಂದು ಕರೆದರೆ ಅರ್ಧ ಮಾತ್ರ ಸರಿ. ಕಠಿಣ ರಿಯಾಯಿತಿಗಳಿಗೆ ತಮ್ಮ ಜನರನ್ನು ಸಜ್ಜುಗೊಳಿಸುವ ಕೆಲಸವನ್ನು ಎರಡೂ ಕಡೆಯ ನಾಯಕರು ಮುಂದೂಡುತ್ತಲೇ ಬಂದರು. ಆಗಬೇಕಾದ ಒಪ್ಪಂದದ ವಿವರ ಜನರ ಕಿವಿಗೆ ಮೊದಲು ಬಿದ್ದದ್ದು ವಿರೋಧಿಗಳ ಬಾಯಿಂದ, “ದ್ರೋಹ” ಎಂಬ ಹೆಸರಿನಲ್ಲಿ.

ಪ್ರಶ್ನೆ: “ಅವಕಾಶ ಕಳೆದುಕೊಳ್ಳುವ ಅವಕಾಶವನ್ನು ಪ್ಯಾಲೆಸ್ಟೀನಿಯರು ಎಂದೂ ಕಳೆದುಕೊಳ್ಳರು” ಎಂಬ ಮಾತು ಯಾರದು?

ಉತ್ತರ: ಇಸ್ರೇಲಿನ ವಿದೇಶಾಂಗ ಸಚಿವ ಅಬ್ಬಾ ಎಬಾನ್ ಅವರದು. ಆದರೆ ಅರಬ್–ಇಸ್ರೇಲ್ ಶಾಂತಿಗಾಗಿ ನಡೆದ 1973ರ ಜಿನೀವಾ ಸಮ್ಮೇಳನದ ಬೆನ್ನಿಗೆ ಅವರು ಹೇಳಿದ್ದು ಅರಬರನ್ನು ಕುರಿತು. ಆ ಸಮ್ಮೇಳನಕ್ಕೆ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೆ ಆಹ್ವಾನವೇ ಇರಲಿಲ್ಲ. 2002ರಲ್ಲಿ ಬೈರೂತ್‌ನಲ್ಲಿ ಅರಬ್ ಲೀಗ್ ಮುಂದಿಟ್ಟ ಶಾಂತಿ ಪ್ರಸ್ತಾವವನ್ನು ಇಸ್ರೇಲ್ ಸರ್ಕಾರಗಳು ಎಂದೂ ಔಪಚಾರಿಕವಾಗಿ ಒಪ್ಪಲಿಲ್ಲ ಎಂಬುದನ್ನು ನೆನೆದರೆ, ಅದೇ ಚಮತ್ಕಾರವನ್ನು ತಿರುಗಿಸಿ ಹೇಳುವವರಿಗೂ ಕೊರತೆಯಿಲ್ಲ.

ಪ್ರಶ್ನೆ: ಭಾರತ ಎಂದಿನಿಂದಲೂ ಒಂದೇ ಮಾತು ಹೇಳುತ್ತ ಬಂದಿದೆಯೇ?

ಉತ್ತರ: 1988ರಲ್ಲೇ ಪ್ಯಾಲೆಸ್ಟೀನನ್ನು ಮಾನ್ಯ ಮಾಡಿದ ಭಾರತ, 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು, ಎರಡು ರಾಷ್ಟ್ರಗಳ ಪರಿಹಾರಕ್ಕೆ ಬೆಂಬಲ ಎಂಬ ನಿಲುವು ಮುಂದುವರಿದಿದೆ. ಬದಲಾವಣೆ ಕಂಡದ್ದು ಬಿಟ್ಟ ಮಾತುಗಳಲ್ಲಿ. ಹಿಂದಿನ ಹೇಳಿಕೆಗಳಲ್ಲಿ ಇರುತ್ತಿದ್ದ “ಪೂರ್ವ ಜೆರುಸಲೇಮ್ ರಾಜಧಾನಿಯಾಗಿ” ಎಂಬ ಉಲ್ಲೇಖ, 2017ರ ಮೇನಲ್ಲಿ ಅಬ್ಬಾಸ್ ದೆಹಲಿಗೆ ಬಂದಾಗ ಪ್ರಧಾನಿ ಮೋದಿಯವರ ಹೇಳಿಕೆಯಲ್ಲಿ ಇರಲಿಲ್ಲ. ಆದರೂ ಅದೇ ಡಿಸೆಂಬರ್‌ನಲ್ಲಿ, ಜೆರುಸಲೇಮನ್ನು ಇಸ್ರೇಲಿನ ರಾಜಧಾನಿಯೆಂದು ಅಮೆರಿಕ ಘೋಷಿಸಿದ್ದರ ವಿರುದ್ಧ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕಿದ 128 ದೇಶಗಳಲ್ಲಿ ಭಾರತವೂ ಒಂದಾಗಿತ್ತು.